ಅಜ್ಜಿಯ ಕಾಲ್ಮಣೆ

ಶಿವಮೊಗ್ಗದ ನಮ್ಮ ಮನೆಯಲ್ಲಿ ಏಳು ಜನ. ಹಳೆಯ ಕಾರಿಗೆ ಐದೇ ಸೀಟು. ಹೋದ ವರ್ಷ ಹೊಸ ಗಾಡಿ ಕೊಳ್ಳುವ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು.

ನನ್ನದು ವ್ಯಾನಿನ ಪಕ್ಷ. ವ್ಯಾನಿಗೆ ಅಗಲವಾದ ಜಾರುಬಾಗಿಲು, ತಗ್ಗಿನ ಮೆಟ್ಟಿಲು. ಮಂಡಿನೋವಿನ ನನ್ನಾಕೆ ಸಲೀಸಾಗಿ ಹತ್ತಬಹುದು. ಮಗನದು ಎಸ್‌ಯುವಿ ಪಕ್ಷ. "ಅಪ್ಪಾ, ಅಮ್ಮನ ತವರಿನ ದಾರಿ ನೆನಪಿಲ್ವಾ?" ಎಂದ.

ನೆನಪಿಲ್ಲದೆ ಏನು! ಅವಳ ತವರು ಆಗುಂಬೆ ಹತ್ತಿರದ ಒಂದು ಹಳ್ಳಿ. ಡಾಂಬರು ಮುಗಿದ ಮೇಲೆ ಒಂದು ಕಿಲೋಮೀಟರು ಮಣ್ಣಿನ ಏರು. ಹಿಂದಿನ ಸಲ ಬಾಡಿಗೆ ವ್ಯಾನಿನಲ್ಲಿ ಹೋದಾಗ ಅದರ ಹೊಟ್ಟೆ ಕಲ್ಲಿಗೆ ತಾಗಿ, ಚಾಲಕ ಅಲ್ಲೇ ನಿಲ್ಲಿಸಿದ. ಸ್ವಲ್ಪ ದೂರ ನಡೆದ ನನ್ನಾಕೆ ದಾರಿಬದಿಯ ಬಂಡೆಯ ಮೇಲೆ ಕುಳಿತುಬಿಟ್ಟಳು. ಅವಳ ಅಣ್ಣನೇ ಕೆಳಗಿಳಿದು ಬಂದು ಮಾತನಾಡಿಸಿದರು. ತವರಿನ ಹೊಸಿಲು ತುಳಿಯದೆ ಹಿಂದಿರುಗಿದೆವು.

ಆದರೂ ಬ್ಯಾಂಕಿನ ಹಳೇ ಚಾಳಿ ಬಿಡಲಿಲ್ಲ. ಕಾಗದದ ನಡುವೆ ಗೆರೆ ಎಳೆದು ಜಮಾ ಖರ್ಚು ಬರೆದೆ. ಎಸ್‌ಯುವಿಯ ಖರ್ಚಿನ ಕಡೆ: ಎತ್ತರದ ಮೆಟ್ಟಿಲು, ಮೂರನೇ ಸಾಲಿನಲ್ಲಿ ಮೊಣಕಾಲು ಮಡಚಿ ಕೂರಬೇಕು, ಆ ಸಾಲು ತೆರೆದರೆ ಹಿಂದೆ ಎರಡು ಚೀಲಕ್ಕಷ್ಟೇ ಜಾಗ. ಜಮಾ ಕಡೆ ಒಂದೇ: ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ. ಅದು ಸುಮಾರು 200 ಮಿಲಿಮೀಟರ್. ಮೊಮ್ಮಗಳು ತನ್ನ 15 ಸೆಂಟಿಮೀಟರ್ ಸ್ಕೇಲನ್ನು ಕೆಳಗೆ ನಿಲ್ಲಿಸಿ, "ಅಜ್ಜಾ, ಇನ್ನೂ ಜಾಗ ಇದೆ!" ಎಂದು ಕೂಗಿದಳು.

ತೀರ್ಪು ಕೊಟ್ಟವಳು ನನ್ನಾಕೆ. "ಹತ್ತೋದು ಒಂದು ನಿಮಿಷದ ಕಷ್ಟ. ಅದಕ್ಕೆ ಕಾಲ್ಮಣೆ ಇದೆ. ಆ ಏರು ನಡೆಯೋಕೆ ನನ್ನ ಕೈಲಾಗಲ್ಲ." ಅವಳಿಗೇನು ಬೇಕೆಂದು ಅಲ್ಲಿಯವರೆಗೆ ನಾನು ಕೇಳಿಯೇ ಇರಲಿಲ್ಲ!

ಭೂಮಿ ಹುಣ್ಣಿಮೆಯ ಹಿಂದಿನ ದಿನ ಹೊರಟೆವು. ಗಾಜನೂರು ದಾಟಿ, ಸಕ್ರೆಬೈಲಿನ ಆನೆಗಳನ್ನು ನೋಡಿ, ತುಂಗೆಯ ಜೊತೆಜೊತೆಗೇ ಮಂಡಗದ್ದೆ, ತೀರ್ಥಹಳ್ಳಿ. ತಿರುವುಗಳಲ್ಲಿ ಎತ್ತರದ ಗಾಡಿ ವಾಲುತ್ತದೆ, ಮಕ್ಕಳೇ. ಹಿಂದಿನ ಸಾಲಿನವರಿಗೆ ಹೊಟ್ಟೆ ತೊಳೆಸಿತು. ಎರಡು ಸಲ ನಿಲ್ಲಿಸಿ, ಜಾಗ ಬದಲಿಸಿದೆವು. ಮಗ ನಿಧಾನ ಮಾಡಿದ.

ಮಣ್ಣಿನ ದಾರಿ ಬಂತು. ಎಲ್ಲರೂ ಮೌನ. ಹಳೆಯ ಬಂಡೆ ದಾಟಿತು. ನನ್ನಾಕೆ ಅದನ್ನು ತಿರುಗಿ ನೋಡಿದಳು, ಮಾತನಾಡಲಿಲ್ಲ. ಮನೆಯಂಗಳದಲ್ಲಿ ಕಾಲ್ಮಣೆ ಇಟ್ಟು ಇಳಿಸಿದಾಗ, ಅವಳ ಅತ್ತಿಗೆ ಕಾಲು ತೊಳೆಯಲು ನೀರು ಹಿಡಿದು ನಿಂತಿದ್ದರು.

ಮಲೆನಾಡಿನಲ್ಲಿ ಅಂದು ಪೈರು ಹೊತ್ತ ಭೂಮಿಯೇ ಬಸುರಿ, ಪೂಜೆಯೇ ಸೀಮಂತ. ಬೆಳಗಿನ ಜಾವ ಗದ್ದೆಗೆ ಎಡೆ ಬೀರುವಾಗ ಮೊಮ್ಮಕ್ಕಳು ಅಜ್ಜಿಯ ಸೆರಗು ಹಿಡಿದು ನಿಂತಿದ್ದರು.

ಒಂದು ಮಾತು: ಎತ್ತರ ಇದ್ದ ಮಾತ್ರಕ್ಕೆ ಕೆಸರು ಸೋಲುವುದಿಲ್ಲ. ನಮ್ಮ ಗಾಡಿಯಲ್ಲಿ ಎಂಜಿನ್ನಿನ ಬಲ ಹೋಗುವುದು ಎರಡೇ ಚಕ್ರಗಳಿಗೆ. ಅದಕ್ಕೇ ಜಡಿಮಳೆಯಲ್ಲಿ ನಾವು ಆ ಏರು ಹತ್ತುವುದಿಲ್ಲ.

ಕಾಲ್ಮಣೆ ಈಗ ಗಾಡಿಯಲ್ಲೇ ಇರುತ್ತದೆ. ಅಜ್ಜಿಗೆ ಅದನ್ನು ಇಡುವವರು ಯಾರು ಎಂದು ಮೊಮ್ಮಕ್ಕಳಲ್ಲಿ ಪ್ರತಿ ಸಲವೂ ಜಗಳ.