ಪಡಸಾಲೆಯ ಗೋಡೆಗೊಂದು ಗಡಿಯಾರ

ಹಾವೇರಿಯು 1997ರಲ್ಲಿ ಜಿಲ್ಲಾಕೇಂದ್ರವಾದಂದಿನಿಂದ ಊರಿನ ಸುತ್ತ ಹೊಸ ಬಡಾವಣೆಗಳು ಬೆಳೆಯುತ್ತಲೇ ಇವೆ. ರಾಣೆಬೆನ್ನೂರು, ಬ್ಯಾಡಗಿಗಳಲ್ಲಿಯೂ ಮಣ್ಣಿನ ಮಾಳಿಗೆಯ ಮನೆಗಳು ಇಳಿದು, ಸಿಮೆಂಟಿನ ಮನೆಗಳು ಏಳುತ್ತಿವೆ. ಗುರುಪ್ರವೇಶದ ಸಮಾರಂಭಗಳಲ್ಲಿ ಎರಡು ಮಾತನಾಡಲು ನನ್ನಂಥವರನ್ನು ಕರೆಯುವ ರೂಢಿ ನಮ್ಮ ಕಡೆ ಇನ್ನೂ ಉಳಿದಿರುವುದರಿಂದ, ಈ ಮೂರೂ ಊರುಗಳ ಹೊಸ ಮನೆಗಳ ಗೋಡೆಗಳನ್ನು ನೋಡುವ ಅವಕಾಶ ನನಗೆ ಮೇಲಿಂದ ಮೇಲೆ ಒದಗುತ್ತದೆ. ಬಸವಣ್ಣನವರ ಭಾವಚಿತ್ರವಿರುತ್ತದೆ, ಆ ಮನೆತನ ನಡೆದುಕೊಳ್ಳುವ ಮಠದ ಪೂಜ್ಯರ ಭಾವಚಿತ್ರವಿರುತ್ತದೆ, ಹಾವೇರಿಯ ಮನೆಯಾದರೆ ಯಾವುದೋ ಸತ್ಕಾರದಲ್ಲಿ ಬಂದ ಏಲಕ್ಕಿ ಹಾರವೂ ಗಾಜಿನ ಚೌಕಟ್ಟಿನೊಳಗೆ ಇರುತ್ತದೆ. ಇವುಗಳೆದುರಿನ ಗೋಡೆಗೆ ಇತ್ತೀಚೆಗೆ ಹೊಸ ಅತಿಥಿಯೊಂದು ಬಂದಿದೆ. ನಡುವೆ ಒಂದು ಪುಟ್ಟ ಬಿಲ್ಲೆ, ಅದರ ಸುತ್ತ ಸೂರ್ಯಕಿರಣಗಳಂತೆ ಚಾಚಿದ ಹಿತ್ತಾಳೆ ಬಣ್ಣದ ಕಡ್ಡಿಗಳು, ಬಿಲ್ಲೆಯ ಮೇಲೆ ಎರಡು ಮುಳ್ಳು. ಅಂಕಿಗಳಿಲ್ಲ. ಇದೇನೆಂದು ಕೇಳಿದರೆ ಮನೆಯ ಯುವಕರು ಹೆಮ್ಮೆಯಿಂದ, ‘ಗಡಿಯಾರ, ಮಿಡ್ ಸೆಂಚುರಿ ಮಾಡರ್ನ್ ಶೈಲಿಯದು’ ಎನ್ನುತ್ತಾರೆ.

ಇಪ್ಪತ್ತನೆಯ ಶತಮಾನದ ನಡುಗಾಲದ ಆ ಶೈಲಿಯ ಬಗೆಗೆ ನನಗೆ ತಿರಸ್ಕಾರವಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕ, ಯೂರೋಪುಗಳ ವಿನ್ಯಾಸಕಾರರು ಪೀಠೋಪಕರಣಗಳ ಕೆತ್ತನೆಯನ್ನೂ ಬಳ್ಳಿ ಹೂವುಗಳನ್ನೂ ಕಳಚಿಹಾಕಿ, ವಸ್ತುವು ತನ್ನ ಕೆಲಸದಿಂದಲೇ ಚೆಲುವಾಗಿ ಕಾಣಬೇಕೆಂದು ಹೊರಟರು. ಅವರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಗಳನ್ನು ಭಾರತ ಸರ್ಕಾರವೇ ಕರೆಯಿಸಿಕೊಂಡಿತ್ತು. 1958ರಲ್ಲಿ ಅವರು ಸಲ್ಲಿಸಿದ ವರದಿಯಲ್ಲಿ ಭಾರತದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳೊಳಗೆಲ್ಲ ಅಗ್ರಸ್ಥಾನ ಕೊಟ್ಟದ್ದು ಯಾವ ಅರಮನೆಯ ಸಿಂಹಾಸನಕ್ಕೂ ಅಲ್ಲ, ನಮ್ಮ ನಿಮ್ಮ ಮನೆಯ ನೀರಿನ ತಂಬಿಗೆಗೆ! ಹಿಡಿಯುವ ಕೈ, ಹೊರುವ ಸೊಂಟ, ಸುರಿಯುವ ಬಾಯಿ, ಬೆಳಗುವ ಬೂದಿ, ಎಲ್ಲವನ್ನೂ ಕಂಡುಕೊಂಡು ತಲೆಮಾರುಗಳು ತಿದ್ದಿದ ರೂಪವದು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ತಂಬಿಗೆಯನ್ನು ಕಂಡು ಕೈಮುಗಿದ ಜನರ ಶೈಲಿಯನ್ನು ನಾವು ಹಗುರವಾಗಿ ನೋಡಬೇಕಾದದ್ದಿಲ್ಲ.

ಆದರೆ ಗಡಿಯಾರದ ವಿಷಯ ಸ್ವಲ್ಪ ಬೇರೆ. ಅಂಕಿಯಿಲ್ಲದ ಗೋಡೆ ಗಡಿಯಾರಗಳಲ್ಲಿ ಜಗತ್ಪ್ರಸಿದ್ಧವಾದದ್ದು ಅಮೇರಿಕದ ಜಾರ್ಜ್ ನೆಲ್ಸನ್ ಅವರ ಕಾರ್ಯಾಲಯವು 1940ರ ದಶಕದ ಕೊನೆಯಲ್ಲಿ ಹೋವರ್ಡ್ ಮಿಲ್ಲರ್ ಎಂಬ ಗಡಿಯಾರ ಕಂಪನಿಗಾಗಿ ರೂಪಿಸಿದ ಚೆಂಡಿನ ಗಡಿಯಾರ. ಹನ್ನೆರಡು ಕಡ್ಡಿಗಳು, ಕಡ್ಡಿಗೊಂದು ಬಣ್ಣದ ಮರದ ಚೆಂಡು, ಅಷ್ಟೆ. ನಮ್ಮ ಪೇಟೆಗಳಿಗೆ ಬರುತ್ತಿರುವ ಕಿರಣದ ಗಡಿಯಾರಗಳೆಲ್ಲ ಆ ವಂಶದವೇ. ನೆಲ್ಸನ್ ಅವರ ತರ್ಕಕ್ಕೆ ಎರಡು ಕಾಲುಗಳಿದ್ದವು. ಜನರು ಅಂಕಿಯನ್ನು ಓದುವುದಿಲ್ಲ, ಮುಳ್ಳುಗಳು ನಿಂತ ನಿಲುವನ್ನೇ ನೋಡಿ ಹೊತ್ತು ತಿಳಿಯುತ್ತಾರೆ. ಆದುದರಿಂದ ಅಂಕಿ ಬೇಡ, ಎಂಬುದು ಒಂದು. ಹೇಗೂ ಎಲ್ಲರ ಮುಂಗೈಯಲ್ಲಿಯೂ ಗಡಿಯಾರವಿದೆ, ಇನ್ನು ಗೋಡೆಯ ಗಡಿಯಾರವು ಮನೆಯ ಅಲಂಕಾರದ ವಸ್ತು, ಎಂಬುದು ಮತ್ತೊಂದು. ಅವರ ದೇಶದ ಅಂದಿನ ಮನೆಗಳಿಗೆ ಇದು ಸರಿಯಾದ ತರ್ಕವೇ ಆಗಿದ್ದಿರಬೇಕು. ನಮ್ಮ ಪಡಸಾಲೆಗೆ ಇದು ಹೊಂದುವುದೆ ಎಂಬುದೇ ನನ್ನ ಪ್ರಶ್ನೆ.

ನಮ್ಮಲ್ಲಿ ಗೋಡೆ ಗಡಿಯಾರವು ಒಬ್ಬರದಾಗಿರಲಿಲ್ಲ. ನಾನು ಓದಿದ ಮಠದ ಪಾಠಶಾಲೆಯಲ್ಲಿ ನೂರಕ್ಕೆ ಮೀರಿ ವಿದ್ಯಾರ್ಥಿಗಳಿದ್ದೆವು, ಗಡಿಯಾರ ಒಂದೇ. ಸೈಕೋಷಾ ಎಂದು ಮುಖದ ಮೇಲೆ ಬರೆದಿದ್ದ ಜಪಾನಿನ ಲೋಲಕದ ಗಡಿಯಾರವದು. ಆ ಕಾರ್ಖಾನೆ 1892ರಲ್ಲಿ ಆರಂಭವಾದದ್ದೇ ಗೋಡೆ ಗಡಿಯಾರಗಳಿಂದ. ಅಮೇರಿಕದ ಅನ್ಸೋನಿಯಾ, ಸೇತ್ ಥಾಮಸ್, ಜರ್ಮನಿಯ ಯುಂಗ್‌ಹಾನ್ಸ್, ಜಪಾನಿನ ಸೈಕೋಷಾ, ಇವು ಸ್ವಾತಂತ್ರ್ಯಪೂರ್ವದಲ್ಲಿ ಹಡಗಿನಲ್ಲಿ ಬಂದು ನಮ್ಮ ಮಠಗಳನ್ನೂ ದೇಸಾಯರ ವಾಡೆಗಳನ್ನೂ ಅಡತಿ ಅಂಗಡಿಗಳನ್ನೂ ಸೇರಿದ್ದವು. ಪ್ರತಿ ಸೋಮವಾರ ಬೆಳಗಿನ ಪೂಜೆಯ ನಂತರ ಹಿರಿಯ ವಿದ್ಯಾರ್ಥಿಯೊಬ್ಬನು ಏಣಿ ಹತ್ತಿ ಚಾವಿ ಕೊಡುತ್ತಿದ್ದನು. ಮುಖದಲ್ಲಿ ಎರಡು ರಂಧ್ರ. ಒಂದು ನಡಿಗೆಯ ಸ್ಪ್ರಿಂಗಿಗೆ, ಇನ್ನೊಂದು ಗಂಟೆ ಬಾರಿಸುವ ಸ್ಪ್ರಿಂಗಿಗೆ. ಚಾವಿ ಎಂಟು ದಿನಕ್ಕೆ ಸಾಕಾಗುತ್ತಿತ್ತು. ಏಳನೆಯ ದಿನವೇ ಕೊಡುತ್ತಿದ್ದುದು ಶಿಸ್ತಿಗಾಗಿ. ತಾಸಿಗೆ ತಾಸಿನಷ್ಟು, ಅರ್ಧ ತಾಸಿಗೊಂದು, ಹೀಗೆ ದಿನವೊಂದಕ್ಕೆ 180 ಪೆಟ್ಟು. ಇಷ್ಟಲಿಂಗ ಪೂಜೆ, ಪಾಠ, ದಾಸೋಹ, ಎಲ್ಲಕ್ಕೂ ಆ ನಾದವೇ ಆಜ್ಞೆ. ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುವವರೂ, ಬಾವಿಯ ದಂಡೆಯಲ್ಲಿದ್ದವರೂ ಗಡಿಯಾರವನ್ನು ನೋಡಬೇಕಾಗಿರಲಿಲ್ಲ. ಅದು ಅವರಿದ್ದಲ್ಲಿಗೇ ಬರುತ್ತಿತ್ತು.

ಇದಕ್ಕೂ ಹಿಂದಿನ ವ್ಯವಸ್ಥೆಯೂ ಹಾಗೆಯೇ. ತಳದಲ್ಲಿ ಸಣ್ಣ ರಂಧ್ರವಿದ್ದ ತಾಮ್ರದ ಘಳಿಗೆಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವ ಹೊತ್ತು ಒಂದು ಘಳಿಗೆ, ಇಂದಿನ ಲೆಕ್ಕದಲ್ಲಿ 24 ನಿಮಿಷ. ಮುಳುಗಿದೊಡನೆ ಜಾಗಟೆ ಬಾರಿಸಿ ಊರಿಗೆಲ್ಲ ತಿಳಿಸುತ್ತಿದ್ದರು. ಪಂಚಾಂಗ ನೋಡುವವರಿಗಾಗಿ ಇಲ್ಲಿ ಒಂದು ಸಂಗತಿ ಹೇಳಿಬಿಡುತ್ತೇನೆ. ಭಾರತದ ಗಡಿಯಾರಗಳೆಲ್ಲ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಮೇಲೆ. ಹಾವೇರಿ ಇರುವುದು ಅದರಿಂದ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ, ನಮ್ಮ ಊರಿನ ಸೂರ್ಯನು ಗಡಿಯಾರದ ಹನ್ನೆರಡಕ್ಕಿಂತ ಸರಾಸರಿ 28 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಒಂದು ಘಳಿಗೆ, ಮೇಲೆ ನಾಲ್ಕು ನಿಮಿಷ! ಮುಹೂರ್ತದ ನಿಮಿಷಗಳಿಗಾಗಿ ಜಗಳವಾಡುವ ಬೀಗರು ಇದನ್ನು ಗಮನಿಸುವುದು ಒಳ್ಳೆಯದು.

ಬ್ಯಾಡಗಿಯ ಪೇಟೆಯಲ್ಲಿ ಗೋಡೆ ಗಡಿಯಾರದ ಸಾಮೂಹಿಕ ಸ್ವಭಾವ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ರೈತನು ದಲಾಲಿ ಅಂಗಡಿಯ ಗೋಡೆಯನ್ನೇ ನೋಡುತ್ತ ಕುಳಿತಿರುತ್ತಾನೆ. ಟೆಂಡರು ತೆರೆಯುವ ಹೊತ್ತು ಅವನ ವರ್ಷದ ದುಡಿಮೆಯ ಬೆಲೆ ಗೊತ್ತಾಗುವ ಹೊತ್ತು. ಆ ಗಡಿಯಾರಕ್ಕೆ ಅಂಕಿಗಳಿರಬೇಕು, ದಪ್ಪ ಅಂಕಿಗಳಿರಬೇಕು, ಇಪ್ಪತ್ತು ಅಡಿ ದೂರದಿಂದ ಕಾಣಬೇಕು. ದೀಪಾವಳಿಯ ಲಕ್ಷ್ಮೀಪೂಜೆಗೆ ಗಿರಾಕಿಗಳಿಗೆ ಅಂಗಡಿಯ ಹೆಸರು ಅಚ್ಚುಹಾಕಿಸಿದ ಪ್ಲಾಸ್ಟಿಕ್ಕಿನ ಗಡಿಯಾರ ಹಂಚುವ ಪದ್ಧತಿಯೂ ಉಂಟು. ಗುಜರಾತದ ಮೋರ್ಬಿಯ ಕಾರ್ಖಾನೆಗಳ ಕೃಪೆಯಿಂದ ಅಂಥವು ಅಗ್ಗವಾಗಿ ಸಿಗುತ್ತವೆ. ಅವುಗಳಲ್ಲಿ ಶೈಲಿಯೇನೂ ಇಲ್ಲ. ಆದರೂ ಕಿರಣದ ಗಡಿಯಾರಕ್ಕಿಂತ ಅವು ನನಗೆ ಮೇಲೆನಿಸುತ್ತವೆ. ಕೇಳಿದವರಿಗೆ ಹೊತ್ತನ್ನಾದರೂ ಹೇಳುತ್ತವೆ.

ನೆಲ್ಸನ್ ಹೇಳಿದ ಮುಂಗೈ ಗಡಿಯಾರವು ನಮ್ಮ ಸಾಮಾನ್ಯ ಕುಟುಂಬಗಳಿಗೆ ಬಂದದ್ದು ಎಚ್‌ಎಂಟಿಯಿಂದ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳಿಗಾಗಿ ಸ್ಥಾಪಿತವಾದ ಆ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ಮಾಡತೊಡಗಿತು. ಅಳಿಯನಿಗೆ ಒಂದು ಎಚ್‌ಎಂಟಿ ಎಂಬುದು ಮದುವೆಯ ಮಾತುಕತೆಯಲ್ಲಿ ಬಾರದೆ ಇರುತ್ತಿರಲಿಲ್ಲ. 2016ರಲ್ಲಿ ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. ಅಷ್ಟರಲ್ಲಿ ಮುಂಗೈಯ ಕೆಲಸವನ್ನು ಅಂಗಿಯ ಜೇಬಿನ ಮೊಬೈಲು ಕಿತ್ತುಕೊಂಡಿತ್ತು. ಹೀಗೆ ಅಳಿಯನಿಗೆ ಒಂದು ಹೊತ್ತು, ಮಗನಿಗೆ ಒಂದು ಹೊತ್ತು ಆಯಿತು. ಆದರೆ ಅಳಿಯನಿಗೆ ಕೊಟ್ಟ ಎಚ್‌ಎಂಟಿ ಅತ್ತೆಗೆ ಯಾರೂ ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ಮನೆಯ ಹಿರಿಯ ಹೆಂಗಸರಿಗೆ ಅಂದಿಗೂ ಇಂದಿಗೂ ಇರುವುದು ಪಡಸಾಲೆಯ ಗಡಿಯಾರವೊಂದೇ.

ಈ ಮಾತು ನನಗೆ ಹೊಳೆದದ್ದು ರಾಣೆಬೆನ್ನೂರಿನ ಒಂದು ಮನೆಯಲ್ಲಿ. ಹತ್ತಿ ವ್ಯಾಪಾರದ ಹಳೆಯ ಮನೆತನ. ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಎರಡಂತಸ್ತು ಕಟ್ಟಿಸಿದ್ದರು. ಪಡಸಾಲೆಯಲ್ಲಿ ಮೂರಡಿಯ ಕಿರಣದ ಗಡಿಯಾರ ಥಳಥಳಿಸುತ್ತಿತ್ತು. ಎಂಬತ್ತು ದಾಟಿದ ಅಜ್ಜಿಯವರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: ‘ಗುರುಗಳ, ಅದರಾಗ ಅಂಕೀನ ಇಲ್ಲಲ್ರಿ. ಹಗಲೆಲ್ಲಾ ಮೊಮ್ಮಕ್ಕಳನ್ನ ಎಷ್ಟಾತು ಎಷ್ಟಾತು ಅಂತ ಕೇಳಬೇಕು. ರಾತ್ರಿ ಯಾರ್ನ ಎಬ್ಬಿಸ್ಲಿ? ನಾ ಗುಳಿಗಿ ತಗೊಳ್ಳೂದು ಹ್ಯಾಂಗ್ರಿ?’ ಎರಡೂ ಕಣ್ಣುಗಳ ದೃಷ್ಟಿ ಮಂದವಾಗಿದ್ದ ಅವರಿಗೆ, ಹಿತ್ತಾಳೆ ಬಣ್ಣದ ಕಡ್ಡಿಗಳ ನಡುವೆ ಹಿತ್ತಾಳೆ ಬಣ್ಣದ ಮುಳ್ಳುಗಳು ಹೇಗೆ ಕಾಣಬೇಕು? ದಿನಕ್ಕೆ ಮೂರು ಸಲ ಔಷಧ. ಅದರಲ್ಲಿ ಒಂದು ಸಕ್ಕರೆ ಕಾಯಿಲೆಯದು, ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕಾದದ್ದು. ಸೊಸೆಯಂದಿರು ಒಳ್ಳೆಯವರೇ, ಕೇಳಿದರೆ ಹೇಳುತ್ತಾರೆ. ಆದರೆ ಇಡೀ ಜನ್ಮ ಮನೆಯವರಿಗೆಲ್ಲ ಹೊತ್ತು ಹೊತ್ತಿಗೆ ಬಡಿಸಿದ ಹೆಂಗಸು ಈಗ ಹೊತ್ತನ್ನೇ ಬೇಡಿ ಪಡೆಯಬೇಕಾಗಿತ್ತು.

‘ಹಳೆಯ ಮನೆಯಲ್ಲಿ ಗಡಿಯಾರ ಇರಲಿಲ್ಲವೆ?’ ಎಂದು ವಿಚಾರಿಸಿದೆ. ಇತ್ತು. ಅಜ್ಜಿಯವರ ಮಾವನವರು ತಂದ ಲೋಲಕದ ಗಡಿಯಾರ. ತೊಲೆ, ಕಂಬ, ಬಾಗಿಲವಾಡಗಳೊಂದಿಗೆ ಹಳೆಯ ಕಟ್ಟಿಗೆಯ ವ್ಯಾಪಾರಿಗೆ ಒಟ್ಟು ಬೆಲೆಗೆ ಹೋಗುವುದರಲ್ಲಿದ್ದು, ಗಿರಾಕಿ ಇನ್ನೂ ಸಾಗಿಸಿಲ್ಲದ ಕಾರಣ ಹಿತ್ತಲಿನ ತಗಡಿನ ಕೆಳಗೆ ಬಿದ್ದಿತ್ತು. ಇಂಥ ಗಡಿಯಾರಗಳು ಮುಂದೆ ಎಲ್ಲಿಗೆ ಹೋಗುತ್ತವೆಂಬುದು ಓದುಗರಿಗೆ ತಿಳಿದಿರಲಿ. ದೊಡ್ಡ ಊರಿನ ಅಂಗಡಿಗಳಲ್ಲಿ ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ, ಮತ್ತೊಂದರ ಮುಖ ಸೇರಿಸಿ, ಹೆಸರಾಂತ ಕಂಪನಿಯ ಚೀಟಿ ಅಂಟಿಸಿ, ಪುರಾತನ ವಸ್ತುವೆಂದು ನಮ್ಮಂಥವರಿಗೇ ಮಾರುವುದುಂಟು.

ಮನೆಯವರು ನನ್ನ ಮಾತಿಗೆ ಮನ್ನಣೆ ಕೊಟ್ಟು ಅದನ್ನು ಹಾವೇರಿಯ ಒಬ್ಬ ಹಳೆಯ ದುರಸ್ತಿಗಾರರಿಗೆ ಕೊಟ್ಟರು. ಕೈಗಡಿಯಾರದ ಸೆಲ್ ಬದಲಿಸುವವರು ಬೀದಿಗೊಬ್ಬರಿದ್ದಾರೆ; ಲೋಲಕದ ಗಡಿಯಾರ ಬಿಚ್ಚುವ ಕೈಗಳು ಈ ಮೂರು ಊರುಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅವರು ಸೀಮೆಎಣ್ಣೆಯಲ್ಲಿ ಗಾಲಿಗಳನ್ನು ತೊಳೆದು, ಅಂಟಾಗಿ ಕಪ್ಪುಗಟ್ಟಿದ್ದ ಹಳೆಯ ಎಣ್ಣೆಯನ್ನು ಕೆರೆದು, ಒಂದು ಸ್ಪ್ರಿಂಗ್ ಬದಲಿಸಿ, ಎರಡು ತಿಂಗಳಿಗೆ ಮರಳಿಸಿದರು. ಮರಳಿಸುವಾಗ ಅವರು ಹೇಳಿದ ಮಾತುಗಳನ್ನು ಇಂಥ ಗಡಿಯಾರವಿರುವ ಮನೆಗಳ ಉಪಯೋಗಕ್ಕಾಗಿ ಬರೆಯುತ್ತಿದ್ದೇನೆ. ಗಡಿಯಾರವು ಗೋಡೆಗೆ ನೆಟ್ಟಗೆ ನಿಲ್ಲಬೇಕು. ಅದಕ್ಕೆ ಅಳತೆ ಕಣ್ಣಲ್ಲ, ಕಿವಿ. ‘ಟಿಕ್’ ಮತ್ತು ‘ಟಕ್’ಗಳ ನಡುವಿನ ಅಂತರ ಸಮವಾಗಿ ಕೇಳಿಸಿದರೆ ನೆಟ್ಟಗಿದೆ ಎಂದರ್ಥ, ಕುಂಟಿದಂತೆ ಕೇಳಿಸಿದರೆ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು. ಮುಂದಕ್ಕೆ ತಿರುಗಿಸುವಾಗಲೂ ಪ್ರತಿ ಅರ್ಧ ತಾಸಿಗೆ ತಡೆದು ಗಂಟೆ ಬಾರಿಸಲು ಬಿಡಬೇಕು. ಬೇಸಿಗೆಯಲ್ಲಿ ಲೋಲಕದ ಕಡ್ಡಿ ಹಿಗ್ಗಿ ಗಡಿಯಾರ ಹಿಂದೆ ಬೀಳುತ್ತದೆ, ಉಕ್ಕಿನ ಕಡ್ಡಿಯಾದರೆ ಹತ್ತು ಡಿಗ್ರಿ ಸೆಕೆಗೆ ದಿನಕ್ಕೆ ಸುಮಾರು ಐದು ಸೆಕೆಂಡು. ಲೋಲಕದ ಬಿಲ್ಲೆಯ ಕೆಳಗಿನ ತಿರುಪನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಯಾವ ದಿಕ್ಕಿನ ಗೋಡೆಗೆ ತೂಗಹಾಕಬೇಕೆಂದು ಮನೆಯ ಯಜಮಾನರು ನನ್ನನ್ನು ಕೇಳಿದರು. ವಾಸ್ತುಪಂಡಿತರು ಸಿಟ್ಟಾಗಬಾರದು, ಅಜ್ಜಿಯವರ ಮಂಚಕ್ಕೆ ನಾದ ಕೇಳಿಸುವ ಗೋಡೆಗೆ, ಎಂದೆ.

ಹೊಸದನ್ನೇ ಕೊಳ್ಳಬೇಕೆನ್ನುವವರಿಗೂ ಆ ನಡುಗಾಲದ ಶೈಲಿಯಲ್ಲಿಯೇ ಬೇರೊಂದು ದಾರಿ ಇದೆ. ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಬಿಲ್ ಎಂಬವರು 1950ರ ದಶಕದಲ್ಲಿ ಯುಂಗ್‌ಹಾನ್ಸ್ ಕಂಪನಿಗೆ ಅಡುಗೆಮನೆಯ ಗಡಿಯಾರವೊಂದನ್ನು ರೂಪಿಸಿಕೊಟ್ಟರು. ಅದರಲ್ಲಿ ಬಳ್ಳಿಯಿಲ್ಲ, ಕಿರಣವಿಲ್ಲ. ತಿಳಿಯಾದ ಹಿನ್ನೆಲೆಯ ಮೇಲೆ ಸ್ಪಷ್ಟವಾದ ಅಂಕಿಗಳಿವೆ, ಕೆಳಗೆ ಬೇಯುವ ಹೊತ್ತನ್ನು ಎಣಿಸುವ ಇನ್ನೊಂದು ಪುಟ್ಟ ಮುಖವಿದೆ. ಒಲೆಯ ಮುಂದೆ ನಿಂತವರನ್ನು ನೆನೆದು ಮಾಡಿದ ಗಡಿಯಾರ. ಆ ಮಾದರಿಯ ಬಿಳಿ ಮುಖ, ಕಪ್ಪು ಅಂಕಿಗಳ ಸಾದಾ ಗಡಿಯಾರಗಳು ನಮ್ಮ ಪೇಟೆಗಳಲ್ಲಿಯೂ ಸಿಗುತ್ತವೆ, ಕಿರಣದ ಗಡಿಯಾರಕ್ಕಿಂತ ಕಡಿಮೆ ಬೆಲೆಗೆ. ಕೊಳ್ಳುವ ಮುನ್ನ ಮನೆಯ ಅತಿ ಹಿರಿಯರನ್ನು ಅಂಗಡಿಗೆ ಕರೆದೊಯ್ದು, ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಎಷ್ಟಾಯಿತೆಂದು ಕೇಳಿ ನೋಡಬಹುದು.

ರಾಣೆಬೆನ್ನೂರಿನ ಮನೆಯ ಕಿರಣದ ಗಡಿಯಾರ ಮೇಲಂತಸ್ತಿನ ಮೊಮ್ಮಗನ ಕೋಣೆಗೆ ಏರಿದೆ. ಅಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಹಳೆಯದರ ಗಂಟೆ ಟಿವಿ ನೋಡುವವರಿಗೆ ಅಡ್ಡಿಯಾಗುತ್ತದೆಂದು ಮೊದಲ ವಾರವೇ ತಕರಾರು ಬಂದಿತ್ತು. ದುರಸ್ತಿಗಾರರು ಬಂದು ಬಾರಿಸುವ ಸುತ್ತಿಗೆಯ ತುದಿಗೆ ಮೆತ್ತನೆಯ ಅರಿವೆಯ ಚೂರೊಂದನ್ನು ಕಟ್ಟಿಹೋದರು. ಸೋಮವಾರದ ಚಾವಿ ಕೊಡುವ ಕೆಲಸ ಆರನೆಯ ಇಯತ್ತೆಯ ಮರಿಮೊಮ್ಮಗಳದು. ಅವಳು ಸ್ಟೂಲು ಹತ್ತಿ ತಿರುವುವಾಗ ಅಜ್ಜಿಯವರು ಮಂಚದ ಮೇಲಿಂದಲೇ ಸುತ್ತುಗಳನ್ನು ಎಣಿಸುತ್ತಾರೆ.