ಕಣ್ಣಳತೆಯ ದುರ್ಬೀನು
ರಾಣೆಬೆನ್ನೂರು ತಾಲ್ಲೂಕಿನ ಕೃಷ್ಣಮೃಗ ಅಭಯಾರಣ್ಯದಂತಹ ಬಯಲಿನಲ್ಲಿ ಪ್ರಾಣಿಗಳು ಮನುಷ್ಯರನ್ನು ದೂರದಿಂದಲೇ ಗುರುತಿಸಿ ಓಡುವುದರಿಂದ ದುರ್ಬೀನು ಬೇಕೇ ಬೇಕು. ಆದರೆ ಕೊಳ್ಳುವವರು ಅದು ಎಷ್ಟು ಪಟ್ಟು ಹಿಗ್ಗಿಸುತ್ತದೆಂದಷ್ಟೇ ವಿಚಾರಿಸಿ, ತಮ್ಮ ಎರಡು ಪಾಪೆಗಳ ನಡುವಿನ ಅಂತರವನ್ನು ಮರೆಯುತ್ತಾರೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 54ರಿಂದ 74 ಮಿ.ಮೀ., ಮಕ್ಕಳಲ್ಲಿ ಇನ್ನೂ ಕಡಿಮೆ. ನಡುವಿನ ಕೀಲನ್ನು ಪೂರ್ತಿ ಮಡಚಿದರೂ ನಳಿಗೆಗಳು ಅಷ್ಟು ಹತ್ತಿರ ಬಾರದಿದ್ದರೆ, ಕಣ್ಣಿನ ಬದಿಯ ಮಸೂರದಿಂದ ಹೊರಬೀಳುವ ಬೆಳಕಿನ ಪುಟ್ಟ ವೃತ್ತವು ಪಾಪೆಯಿಂದ ಪಕ್ಕಕ್ಕೆ ಸರಿದು, ನೋಟದ ಅಂಚಿಗೆ ಕಪ್ಪು ನೆರಳು ಕವಿಯುತ್ತದೆ. ನೇರ ನಳಿಗೆಯ ಮಾದರಿಗಳಲ್ಲಿ 56 ಮಿ.ಮೀ. ವ್ಯಾಸದ ಮುಂಬದಿ ಮಸೂರಗಳು ಒಂದಕ್ಕೊಂದು ತಗಲಿ ನಿಲ್ಲುವುದರಿಂದ, ಕಣ್ಣುಗಳು ಹತ್ತಿರವಿರುವವರಿಗೆ (ಬೆಲೆ ಎಷ್ಟೇ ಇರಲಿ) ಅವು ದಂಡವೇ ಸರಿ. 30 ಅಥವಾ 32 ಮಿ.ಮೀ.ನವು ಒಗ್ಗುತ್ತವೆ. ಅಂತರವನ್ನು ಕನ್ನಡಕದಂಗಡಿಯಲ್ಲಿ ಅಳೆಸಬಹುದು.