ಕೆರ ಬಿಡುವ ಜಾಗ

ನಮ್ಮ ಜನ ಊರು ಬಿಟ್ಟು ಹೋಗದೆ ಇದ್ದವರೇನಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಕಾಫಿ ತೋಟಕ್ಕೆ ಹೋಗಿದ್ದೇವೆ. ಕಬ್ಬು ಕಡಿಯೋಕೆ ಹೋಗಿದ್ದೇವೆ. ಚಿನ್ನ ಬಗೆಯೋಕೆ ಕೋಲಾರದ ನೆಲದಡಿ ಇಳಿದಿದ್ದೇವೆ. ಬೆಂಗಳೂರಿನ ಕಟ್ಟಡಗಳಿಗೆ ಗಾರೆ ಹೊರಲು ರೈಲಿನ ಬಾಗಿಲಲ್ಲಿ ಜೋತುಬಿದ್ದು ಹೋಗಿದ್ದೇವೆ. ಇಷ್ಟೆಲ್ಲ ತಿರುಗಿದರೂ ನಮ್ಮ ಕೇರಿಯೊಳಗೆ ‘ಪ್ರವಾಸ’ ಅನ್ನೋ ಮಾತು ಹುಟ್ಟಲಿಲ್ಲ. ಹೊಟ್ಟೆ ಹೊತ್ತುಕೊಂಡು ಹೋಗುವುದಕ್ಕೆ ಯಾರೂ ಪ್ರವಾಸ ಅನ್ನುವುದಿಲ್ಲ. ಕೆಲಸವಿಲ್ಲದ ಊರಿಗೆ, ಬರೀ ಕಣ್ಣು ತುಂಬಿಸಿಕೊಳ್ಳಲು, ಕೈಯಿಂದ ದುಡ್ಡು ಹಾಕಿ ಹೋಗುವುದಕ್ಕೆ ಪ್ರವಾಸ ಅಂತಾರೆ. ಅದು ಉಳ್ಳವರ ಮಾತು.

ದುಡ್ಡಿದ್ದರೂ ಸಾಲದು ಅನ್ನೋದನ್ನ ಬಾಬಾಸಾಹೇಬರು ತಮ್ಮ ಬದುಕಿನಿಂದಲೇ ಬರೆದಿಟ್ಟಿದ್ದಾರೆ. 1901ರಲ್ಲಿ ಒಂಬತ್ತು ವರ್ಷದ ಹುಡುಗ ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ, ಕೋರೆಗಾಂವದಲ್ಲಿದ್ದ ಅಪ್ಪನನ್ನು ನೋಡಲು ರೈಲು ಹತ್ತಿದ. ಮೈಮೇಲೆ ಒಳ್ಳೇ ಬಟ್ಟೆ. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರರು ಅಕ್ಕರೆಯಿಂದಲೇ ವಿಚಾರಿಸಿದರು. ಮಹಾರರು ಅಂದದ್ದೇ ತಡ, ಅವರ ಮುಖ ಬೇರೆಯಾಯಿತು. ಬಾಡಿಗೆ ಗಾಡಿಯವರು ಒಬ್ಬರೂ ಬರಲೊಲ್ಲರು. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ಹಳಿಯ ಮೇಲೆ ಇರೋ ತನಕ ಟಿಕೆಟ್ಟು ಕೇಳಿದರು, ಹಳಿ ಬಿಟ್ಟು ಇಳಿದ ಕೂಡಲೇ ಜಾತಿ ಕೇಳಿದರು.

1934ರಲ್ಲಿ ಅದೇ ಮನುಷ್ಯ ಬ್ಯಾರಿಸ್ಟರ್ ಆಗಿ, ಡಾಕ್ಟರ್ ಆಗಿ, ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ವೇರೂಳದ ಗವಿಗಳನ್ನು ನೋಡಲು ಹೊರಟರು. ದಾರಿಯಲ್ಲಿ ದೌಲತಾಬಾದಿನ ಕೋಟೆ. ಬಾಗಿಲ ಹತ್ತಿರ ನೀರು ತುಂಬಿದ ಸಣ್ಣ ಕೊಳ. ಧೂಳು ಮೆತ್ತಿದ ಕೈಕಾಲು ಮುಖ ತೊಳೆದುಕೊಂಡರು. ಹಿಂದಿನಿಂದ ಒಬ್ಬ ಮುದುಕ ಕೂಗುತ್ತಾ ಓಡಿಬಂದ, ಇವರು ನೀರು ಮೈಲಿಗೆ ಮಾಡಿದರು ಅಂತ. ಜನ ಸೇರಿದರು. ಕಡೆಗೆ ಕೋಟೆ ನೋಡಲು ಬಿಟ್ಟರು, ಆದರೆ ಒಳಗೆ ಎಲ್ಲೂ ನೀರು ಮುಟ್ಟಬಾರದು ಅಂತ ಕಾಯಲು ಬಂದೂಕು ಹಿಡಿದ ಸಿಪಾಯಿಯನ್ನು ಜೊತೆಗೆ ಕಳಿಸಿದರು. ನಮ್ಮವರ ಪ್ರವಾಸಕ್ಕೆ ಮೊದಲ ಗೈಡು ಅಂದರೆ ಆ ಸಿಪಾಯಿಯೇ ಇರಬೇಕು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡೇ ನಾವು 2023ರ ಚಳಿಗಾಲದಲ್ಲಿ ಆಗ್ರಾಕ್ಕೆ ಹೋದೆವು. ದೆಹಲಿಯ ಸಭೆ ಮುಗಿದಿತ್ತು, ಊರಿನ ರೈಲಿಗೆ ಇನ್ನೊಂದು ದಿನ ಬಾಕಿ ಇತ್ತು. ನಾವು ಎಂಟು ಜನ. ಹಳ್ಳಿಶಾಲೆಯ ಮೇಷ್ಟ್ರುಗಳು ಮೂವರು, ಕಾಲೇಜು ಓದುವ ಹುಡುಗ ಹುಡುಗಿಯರು ನಾಲ್ವರು, ಮತ್ತೆ ನಾವೆಲ್ಲ ದೊಡ್ಡಪ್ಪ ಅಂತ ಕರೆಯುವ ಹಿರಿಯರು. ದೊಡ್ಡಪ್ಪ ನಲವತ್ತು ವರ್ಷ ಊರಿಗೆಲ್ಲ ಕೆರ ಹೊಲಿದವರು, ತಮಟೆಗೆ ಚರ್ಮ ಬಿಗಿದವರು. ತಂಗಡಿ ಚಕ್ಕೆಯ ಬಾನಿಯಲ್ಲಿ ಅದ್ದಿ ಅದ್ದಿ ಅವರ ಬೆರಳ ಉಗುರು ಇವತ್ತಿಗೂ ಕಂದುಬಣ್ಣ.

ಆ ದಾರಿಯಲ್ಲಿ 2016ರಿಂದ ಗತಿಮಾನ್ ಅಂತ ಒಂದು ರೈಲು ಓಡ್ತದೆ, ಗಂಟೆಗೆ 160 ಕಿಲೋಮೀಟರ್ ವೇಗ. ಅದರ ಟಿಕೆಟ್ಟು ನಮ್ಮ ಜೇಬಿಗೆ ಸಿಗೋದಲ್ಲ. ಬೆಳಗ್ಗೆ ಹೋಗಿ ರಾತ್ರಿ ವಾಪಸ್ ತರುವ ತಾಜ್ ಎಕ್ಸ್‌ಪ್ರೆಸ್ ಹತ್ತಿದೆವು. ಆಗ್ರಾ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಬಸ್ಸು, ಗೈಡು ಎಲ್ಲ ಒಂದೇ ದುಡ್ಡಿನಲ್ಲಿ ಸೇರಿತ್ತು. ಗೈಡು ಒಳ್ಳೆಯ ಮನುಷ್ಯ. ಅವನ ಹಿಂದಿಯನ್ನು ನಮ್ಮ ಹುಡುಗಿಯೊಬ್ಬಳು ದೊಡ್ಡಪ್ಪನಿಗೆ ಕನ್ನಡ ಮಾಡಿ ಹೇಳುತ್ತಾ ಬಂದಳು.

ಮೊದಲು ಕೋಟೆ. ಅಕ್ಬರ 1565ರಲ್ಲಿ ಕೆಂಪುಕಲ್ಲಿನಲ್ಲಿ ಹೊಸದಾಗಿ ಕಟ್ಟಿಸಲು ಶುರುಮಾಡಿದ ಕೋಟೆ. ಅಲ್ಲಿನ ಒಂದು ಬುರುಜಿನಲ್ಲಿ ನಿಲ್ಲಿಸಿ ಗೈಡು ದನಿ ತಗ್ಗಿಸಿದ. ಮಗ ಔರಂಗಜೇಬ 1658ರಲ್ಲಿ ಅಪ್ಪ ಷಹಜಹಾನನನ್ನು ಇದೇ ಕೋಟೆಯೊಳಗೆ ಕೂಡಿಹಾಕಿದ. 1666ರಲ್ಲಿ ಸಾಯುವ ತನಕ ಎಂಟು ವರ್ಷ ಮುದುಕ ಇಲ್ಲಿಂದಲೇ ತಾಜಮಹಲನ್ನು ನೋಡುತ್ತಾ ಕುಂತಿದ್ದ ಅಂದ. ಬಸ್ಸಿನಲ್ಲಿ ಬಂದವರೆಲ್ಲ ಲೊಚಗುಟ್ಟಿದರು. ದೊಡ್ಡಪ್ಪ ಕೇಳಿದರು: ‘ಊಟ ಕೊಡ್ತಿದ್ರಂತಾ?’ ಕೊಡ್ತಿದ್ರು ದೊಡ್ಡಪ್ಪಾ, ಮಗಳೂ ಜೊತೇಲಿದ್ದಳು ಅಂದೆವು. ‘ಹಂಗಾರೆ ವಾಸಿ ಬುಡು’ ಅಂದರು.

ಅವರು ತಮಾಷೆಗೆ ಅಂದದ್ದಲ್ಲ. ಅವರ ಅಪ್ಪ ಹನ್ನೊಂದು ಪಲ್ಲ ರಾಗಿಯ ಸಾಲಕ್ಕೆ ಗೌಡರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಜೀತ ಇದ್ದವರು. ಜೀತ ರದ್ದು ಮಾಡುವ ಕಾಯಿದೆ 1976ರಲ್ಲಿ ಬಂದಾಗ ಆ ಮುದುಕ ಬದುಕಿರಲಿಲ್ಲ. ದೊರೆಯ ಎಂಟು ವರ್ಷದ ಸೆರೆಗೆ ಬುರುಜು ಇದೆ, ಗೈಡು ಇದ್ದಾನೆ, ಟಿಕೆಟ್ಟು ಇದೆ. ನಮ್ಮಜ್ಜ ಮಲಗುತ್ತಿದ್ದ ಆ ಕೊಟ್ಟಿಗೆ ಎಲ್ಲಿತ್ತು ಅಂತ ಇವತ್ತು ನಮ್ಮೂರಿನ ಮಕ್ಕಳಿಗೂ ಗೊತ್ತಿಲ್ಲ.

ಆಮೇಲೆ ತಾಜಮಹಲು. ಸುಳ್ಳು ಯಾಕೆ ಹೇಳಬೇಕು, ಹೆಬ್ಬಾಗಿಲು ದಾಟಿ ಅದು ಕಣ್ಣಿಗೆ ಬಿದ್ದಾಗ ನಮ್ಮ ಮಾತು ನಿಂತಿತು. ಮನುಷ್ಯನ ಕೈ ಇಷ್ಟು ಮಾಡಬಲ್ಲದಾ ಅನ್ನಿಸಿತು. ಚಂದವನ್ನು ಚಂದ ಅನ್ನಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ತಕರಾರು ಚಂದದ ಮೇಲಲ್ಲ, ಆ ಚಂದಕ್ಕೆ ಹಾಕಿರುವ ಹೆಸರಿನ ಮೇಲೆ.

ಗೈಡು ಪ್ರೀತಿಯ ಕತೆ ಶುರುಮಾಡಿದ. ಮುಮ್ತಾಜ್ 1631ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡಳು. 19 ವರ್ಷದ ಸಂಸಾರದಲ್ಲಿ ಅದು 14ನೇ ಹೆರಿಗೆ. ಕನ್ನಡ ಮಾಡುತ್ತಿದ್ದ ನಮ್ಮ ಹುಡುಗಿ ಅಲ್ಲಿಗೆ ನಿಲ್ಲಿಸಿ, ‘ಇದಕ್ಕೆ ಪ್ರೀತಿ ಅಂತಾರಾ ಅಣ್ಣಾ?’ ಅಂದಳು. ನಾವು ಗಂಡಸರು ಯಾರೂ ಬಾಯಿ ಬಿಡಲಿಲ್ಲ.

ರಾಣಿ ಬುರ್ಹಾನ್‌ಪುರದಲ್ಲಿ ಯಾಕಿದ್ದಳು ಅನ್ನೋದನ್ನ ಗೈಡು ಹೇಳಲಿಲ್ಲ. ದಖ್ಖನ್ನಿನ ಮೇಲೆ ದಂಡು ತಂದ ದೊರೆ ಅಲ್ಲಿ ಬೀಡು ಬಿಟ್ಟಿದ್ದ. 1630ರಿಂದ 1632ರ ತನಕ ಗುಜರಾತ್ ಮತ್ತು ದಖ್ಖನ್ ಸೀಮೆಯಲ್ಲಿ ಘೋರ ಬರ. ಜನ ಒಂದು ರೊಟ್ಟಿಗೆ ತಮ್ಮನ್ನೇ ಮಾರಿಕೊಳ್ಳಲು ನಿಂತರೂ ಕೊಳ್ಳುವವರಿರಲಿಲ್ಲ ಅಂತ ಷಹಜಹಾನನ ಆಸ್ಥಾನದ ಚರಿತ್ರೆ ಬರೆದ ಅಬ್ದುಲ್ ಹಮೀದ್ ಲಾಹೋರಿಯೇ ದಾಖಲೆ ಮಾಡಿದ್ದಾನೆ. ದೊರೆ ಗಂಜಿ ಹಾಕಿಸಿದ, ಕಂದಾಯ ಒಂದಷ್ಟು ಬಿಟ್ಟ ಅಂತಲೂ ಬರೆದಿದ್ದಾನೆ. ಆ ಬರದ ನೆಲದ ಬಾಯಿ ಇನ್ನೂ ಮುಚ್ಚಿರಲಿಲ್ಲ, 1632ರಲ್ಲಿ ತಾಜಮಹಲಿನ ಪಾಯ ತೋಡಿದರು. ಗೋರಿಗೆ 50 ಲಕ್ಷ ರೂಪಾಯಿ ಖರ್ಚಾಯಿತು ಅಂತ ಅದೇ ಲಾಹೋರಿಯ ಲೆಕ್ಕ. ಮುಂದೆ ಅದರ ಉಸ್ತುವಾರಿಗೆ ಆಗ್ರಾ ಸುತ್ತಿನ 30 ಹಳ್ಳಿಗಳ ಆದಾಯವನ್ನು ಬರೆದುಕೊಟ್ಟರು. ಮೂವತ್ತು ಹಳ್ಳಿ ಅಂದರೆ ಮೂವತ್ತು ಊರಿನ ಉಳುವವರು, ಮೂವತ್ತು ಕೇರಿಯ ಕೂಲಿಗಳು. ಅವರ ಬೆವರು ಆ ಗುಮ್ಮಟದ ಮೇಲೆ ಬಿಳಿಯಾಗಿ ಹೊಳೀತಾ ಇದೆ.

ಇಪ್ಪತ್ತು ಸಾವಿರ ಜನ ಇಪ್ಪತ್ತೆರಡು ವರ್ಷ ದುಡಿದರು ಅಂತ ಗೈಡು ಹೇಳಿದ. ಅದು ತವೆರ್ನಿಯೆ ಅನ್ನೋ ಫ್ರೆಂಚ್ ರತ್ನದ ವ್ಯಾಪಾರಿ ಬರೆದಿಟ್ಟ ಮಾತು. ಕೆಲಸ ಮುಗಿದ ಮೇಲೆ ಅವರ ಕೈ ಕಡಿಸಿದರು ಅಂತಲೂ ಗೈಡು ಸೇರಿಸಿದ. ಇದಕ್ಕೆ ಆಧಾರವಿಲ್ಲ. ತಾಜಿನ ಶಿಲ್ಪಿ ಅನ್ನಿಸಿಕೊಂಡ ಉಸ್ತಾದ್ ಅಹಮದ್ ಲಾಹೋರಿ ದೆಹಲಿಯ ಕೆಂಪುಕೋಟೆಯ ಕೆಲಸಕ್ಕೂ ಹೋದವನು. ಆದರೂ ಜನ ಈ ಕತೆಯನ್ನು ಬಿಟ್ಟಿಲ್ಲ. ಕೈ ಕಡಿಯಲಿಲ್ಲ ನಿಜ, ಹೆಸರನ್ನು ಮಾತ್ರ ಕಡಿದುಹಾಕಿದರು. ಇಡೀ ತಾಜಮಹಲಿನ ಮೇಲೆ ಸಹಿ ಹಾಕಿದವನು ಒಬ್ಬನೇ, ಅಕ್ಷರ ಬರೆದ ಅಮಾನತ್ ಖಾನ್. ಕಲ್ಲು ಕಡಿದವರ ಪಾಲಿಗೆ ಉಳಿದದ್ದು ಕಲ್ಲಿನ ಮೇಲಿನ ಗುರುತು. ನಕ್ಷತ್ರವೋ ಗೆರೆಯೋ ಕೊರೆದ ಸಣ್ಣ ಸಣ್ಣ ಗುರುತುಗಳು ಅಲ್ಲಲ್ಲಿ ಇವೆ. ಅಕ್ಷರ ಬಲ್ಲವನು ಹೆಸರು ಬರೆದ, ಅಕ್ಷರ ಸಿಗದವನು ಗೀರು ಎಳೆದ. ಮೇಷ್ಟ್ರುಗಳಾದ ನಾವು ಇದನ್ನು ಮಕ್ಕಳಿಗೆ ಹೇಳದೆ ಇನ್ನಾರು ಹೇಳಬೇಕು?

ಜೊತೆಯ ಪ್ರವಾಸಿಗಳಲ್ಲಿ ಇಬ್ಬರು ಇದು ಹಿಂದೆ ಗುಡಿ ಆಗಿತ್ತು ಅಂತ ಜಗಳ ತೆಗೆದರು. ಒಳಗಿನ 22 ಕೋಣೆಗಳನ್ನು ತೆಗೆಸಿ ಅಂತ ಹೋದ ಅರ್ಜಿಯನ್ನು ಅಲಹಾಬಾದ್ ಹೈಕೋರ್ಟು 2022ರ ಮೇ ತಿಂಗಳಲ್ಲಿ ವಜಾ ಮಾಡಿತ್ತು, ಆದರೂ ಬಾಯಿ ನಿಂತಿಲ್ಲ. ಯಾವ ದೇವರದು, ಯಾವ ದೊರೆಯದು ಅಂತ ಕಚ್ಚಾಡುವವರು ಮಕ್ರಾನದ ಗಣಿಯಿಂದ ಆ ಬಿಳಿಕಲ್ಲನ್ನು ಎಳೆದು ತಂದವರ ಪರವಾಗಿ ಒಂದು ಅರ್ಜಿಯನ್ನೂ ಹಾಕಿದವರಲ್ಲ.

ಗೋರಿಯ ಕಟ್ಟೆ ಹತ್ತಲು 50 ರೂಪಾಯಿ ಟಿಕೆಟ್ಟಿನ ಮೇಲೆ ಇನ್ನೂ 200 ಕೊಡಬೇಕಿತ್ತು. 2018ರಲ್ಲಿ ಬಂದ ನಿಯಮ. ನಮ್ಮೂರಿನಲ್ಲಿ ಕಳೆ ಕೀಳುವ ಹೆಂಗಸಿಗೆ ಅದು ಹತ್ತಿರ ಹತ್ತಿರ ಒಂದು ದಿನದ ಕೂಲಿ. ಹತ್ತುವ ಮೊದಲು ಕಾಲಿಗೆ ಬಟ್ಟೆಯ ಚೀಲ ತೊಡಿಸಿಕೊಳ್ಳಬೇಕು, ಇಲ್ಲವೇ ಕೆರ ಬಿಡಬೇಕು. ದೊಡ್ಡಪ್ಪ ಅಲ್ಲೇ ಕುಂತುಬಿಟ್ಟರು. ‘ನೀವು ಹೋಗಿ ನೋಡ್ಕಂಡು ಬನ್ರಪ್ಪ, ನಾನು ಇವ ನೋಡ್ತೀನಿ’ ಅಂದರು. ಬಿಟ್ಟಿದ್ದ ಸಾವಿರಾರು ಜೋಡುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಇದರ ಅಟ್ಟೆ ಸರಿಯಿಲ್ಲ, ಇದು ಒಳ್ಳೇ ಹೊಲಿಗೆ ಅಂತ ಲೆಕ್ಕ ಹಾಕುತ್ತಿದ್ದರು. ವಾಪಸ್ ಬಂದಾಗ ಕೇಳಿದರು: ‘ಈ ಊರಾಗೆ ನಮ್ಮೋರು ಅವ್ರಾ? ಇಷ್ಟು ಜೋಡು ಹೊಲಿಯೋರು ಇದ್ದೇ ಇರ್ಬೇಕು.’

ಅವರ ಊಹೆ ಸರಿ. ಆಗ್ರಾ ದೇಶಕ್ಕೆಲ್ಲ ಬೂಟು ಹೊಲಿದು ಕೊಡುವ ಊರು. ಆ ಬೂಟನ್ನು ತಲೆತಲಾಂತರದಿಂದ ಹೊಲಿದವರು ಜಾಟವರು, ಅಲ್ಲಿನ ಚಮ್ಮಾರರು. ಓವೆನ್ ಲಿಂಚ್ ಅನ್ನೋ ಅಮೆರಿಕದ ವಿದ್ವಾಂಸ ಈ ಜಾಟವರ ಹೋರಾಟದ ಬಗ್ಗೆಯೇ 1969ರಲ್ಲಿ ಒಂದು ಪುಸ್ತಕ ತಂದ. ಇದನ್ನು ಗೈಡಿಗೆ ಕೇಳಿದರೆ, ‘ಅದು ಪ್ರೋಗ್ರಾಮಿನಲ್ಲಿಲ್ಲ’ ಅಂದ. ಪ್ರೋಗ್ರಾಮಿನಲ್ಲಿ ಇದ್ದದ್ದು ಕಮಿಷನ್ ಸಿಗುವ ಅಮೃತಶಿಲೆಯ ಅಂಗಡಿ, ಮುಕ್ಕಾಲು ಗಂಟೆ. ಆದರೆ ಬಸ್ಸಿನ ಡ್ರೈವರು ನಮ್ಮ ಹುಡುಗನ ಅಂಗಿಯ ಮೇಲಿದ್ದ ಬಾಬಾಸಾಹೇಬರ ಬಿಲ್ಲೆ ನೋಡಿ ಬೆಳಗಿನಿಂದ ಒಳಗೊಳಗೇ ನಗುತ್ತಿದ್ದ. ಉಳಿದವರು ಅಂಗಡಿಗೆ ಇಳಿದ ಮೇಲೆ ‘ಜೈ ಭೀಮ್’ ಅಂದ. ತನ್ನ ತಮ್ಮನನ್ನು ಕರೆಸಿ, ಎರಡು ಆಟೋ ಮಾಡಿಸಿ ನಮ್ಮನ್ನು ಅವನ ಮೊಹಲ್ಲಾಕ್ಕೆ ಕಳಿಸಿದ.

ಓಣಿ ನಮ್ಮ ಕೇರಿಯ ಹಾಗೇ ಇತ್ತು. ಒಂದು ಕೋಣೆ, ಕಿಟಕಿ ಇಲ್ಲ, ಅಂಟಿನ ವಾಸನೆ ಮೂಗಿಗೆ ಹೊಡೆಯಿತು. ನೆಲದ ಮೇಲೆ ನಾಲ್ಕು ಜನ, ಜೋಡಿಗಿಷ್ಟು ಅಂತ ಕೂಲಿ. ಬೂಟಿನ ಮೇಲುಭಾಗವನ್ನು ಒಳಮನೆಯಲ್ಲಿ ಹೆಂಗಸರು ಹೊಲಿದುಕೊಡುತ್ತಾರೆ. ಆ ಬೂಟಿನ ಮೇಲೆ ಇವರು ಯಾರ ಹೆಸರೂ ಇರುವುದಿಲ್ಲ, ದೊಡ್ಡ ಕಂಪನಿಯ ಮುದ್ರೆ ಇರುತ್ತದೆ. ದೊಡ್ಡಪ್ಪ ಕೆಳಗೆ ಕುಂತು, ಒಬ್ಬನ ಮುಂದಿದ್ದ ಚರ್ಮ ಕೊಯ್ಯುವ ಕತ್ತಿಯನ್ನು ಕೈಗೆ ತಗೊಂಡು, ‘ರಂಪಿಗೆ’ ಅಂದರು. ಆ ಮನುಷ್ಯ ತಲೆ ಎತ್ತಿ ನೋಡಿ, ‘ರಾಂಪಿ!’ ಅಂದ. ಇಬ್ಬರೂ ನಕ್ಕರು. ಅಲ್ಲಿಗೆ ನಮ್ಮ ಹುಡುಗಿಯ ದುಭಾಷಿ ಕೆಲಸ ಮುಗಿಯಿತು. ದೊಡ್ಡಪ್ಪ ಒಂದು ಅಟ್ಟೆ ಕೊಯ್ದು ತೋರಿಸಿದರು. ಅವರು ಚಾ ತರಿಸಿದರು, ಒಂದೇ ಕೆಟಲಿನಿಂದ ಎಲ್ಲರೂ ಕುಡಿದೆವು.

ಆ ಮನೆಯ ಮುದುಕರು ಒಂದು ತಾರೀಖು ಹೇಳಿದರು, 1956ರ ಮಾರ್ಚ್ 18. ಅವತ್ತು ಬಾಬಾಸಾಹೇಬರು ಆಗ್ರಾಕ್ಕೆ ಬಂದಿದ್ದರು. ಅದೇ ಅಕ್ಟೋಬರ್ 14ಕ್ಕೆ ನಾಗಪುರದ ದೀಕ್ಷೆ, ಡಿಸೆಂಬರ್ 6ಕ್ಕೆ ಪರಿನಿಬ್ಬಾಣ. ಆಗ್ರಾದ ಸಭೆಯಲ್ಲಿ ಅವರು ನೊಂದು ಆಡಿದ ಮಾತು ಇವತ್ತಿಗೂ ಅಲ್ಲಿನ ಜನರ ಬಾಯಲ್ಲಿದೆ. ಓದಿದವರು ಸಮಾಜದ ಋಣ ತೀರಿಸುತ್ತಾರೆ ಅಂತ ನಂಬಿದ್ದೆ, ಅವರು ಬರೀ ತಮ್ಮ ಹೊಟ್ಟೆ ನೋಡಿಕೊಂಡರು ಅನ್ನೋ ಅರ್ಥದ ಮಾತು. ಅಂಥ ಮಾತನ್ನು ಪುಸ್ತಕದಲ್ಲಿ ಓದುವುದು ಬೇರೆ, ಬೂಟು ಹೊಲಿಯುವ ಮುದುಕ ನಮ್ಮ ಸಂಬಳದ ಮುಖ ನೋಡಿಕೊಂಡು ಹೇಳುವುದು ಬೇರೆ. ತಾಜಮಹಲು ನೋಡಲು ಬಂದ ನಮಗೆ ಆ ದಿನದ ದೊಡ್ಡ ಸ್ಮಾರಕ ಅದೇ ಅನ್ನಿಸಿತು.

ಹಳ್ಳಿಶಾಲೆಯ ಗೆಳೆಯರಲ್ಲಿ ನಮ್ಮದೊಂದು ಮನವಿ. ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಬೇಡಿ ಅಂತ ನಾವು ಹೇಳುತ್ತಿಲ್ಲ. ಕೇರಿಯ ಮಕ್ಕಳನ್ನೇ ಮೊದಲು ಕರೆದುಕೊಂಡು ಹೋಗಿ. ದುಡ್ಡಿಲ್ಲದ ಮಗು ಹಿಂದೆ ಉಳಿಯದ ಹಾಗೆ ಚಂದಾ ಎತ್ತಿ. ಬೇಲೂರಿಗೆ ಹೋದರೆ ದಾಸೋಜನಂಥ ರೂವಾರಿಗಳು ಕಲ್ಲಿನಲ್ಲಿ ತಮ್ಮ ಹೆಸರು ಕೊರೆದದ್ದನ್ನು ತೋರಿಸಿ, ಆ ಕಲ್ಲನ್ನು ಹೊತ್ತವರ ಹೆಸರು ಯಾಕಿಲ್ಲ ಅಂತ ಅಲ್ಲೇ ಕೇಳಿ. ವಿಜಾಪುರದ ಗೋಳಗುಮ್ಮಟಕ್ಕೆ ಹೋದರೆ ಪಿಸುಮಾತು ಏಳು ಸಲ ಮಾರ್ದನಿ ಕೊಡ್ತದೆ ಅಂತ ಕೂಗಿಸುವಷ್ಟಕ್ಕೇ ನಿಲ್ಲಿಸಬೇಡಿ. ಅದಕ್ಕೆ ಸುಣ್ಣ ಸುಟ್ಟವರು ಯಾರು, ಅವರ ಮೊಮ್ಮಕ್ಕಳು ಈಗ ಯಾವ ಓಣಿಯಲ್ಲಿದ್ದಾರೆ ಅಂತ ಹುಡುಕಿಸಿ. ಹಿಂದಿರುಗಿ ಬಂದ ಮೇಲೆ ಮಕ್ಕಳ ಕೈಯಲ್ಲೇ ಬರೆಸಿ. ಗೈಡು ಹೇಳದ ಚರಿತ್ರೆ ಹಾಗೇ ಕೂಡಿಬರಬೇಕು.

ಬರುವ ರಜೆಯಲ್ಲಿ ನಾವು ನಾಲ್ಕಾರು ಶಾಲೆಯ ಮಕ್ಕಳನ್ನು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಕರೆದುಕೊಂಡು ಹೋಗುವ ಯೋಚನೆಯಲ್ಲಿದ್ದೇವೆ. ಬಾದಾಮಿ ತನಕ ರೈಲಿದೆ. ಈ ಸಲ ಗೈಡಾಗಿ ಬರಲು ದೊಡ್ಡಪ್ಪ ಒಪ್ಪಿದ್ದಾರೆ. ಜೊತೆಗೆ ಬರುವವರು, ಆ ಸೀಮೆಯ ಕಲ್ಲುಕುಟಿಗರ ಓಣಿಗಳನ್ನು ಬಲ್ಲವರು ಪತ್ರ ಬರೆಯಿರಿ.